ಹೊಳೆಯಾಚೆಯ ದೂರು

ತಿರುಮಕೂಡಲು ನರಸೀಪುರ
ಗುರುವಾರ, ೧೨ನೇ ಮಾರ್ಚಿ ೧೯೦೮

ಕೊಳ್ಳೇಗಾಲದಲ್ಲಿರುವ ನನ್ನ ಸಿದ್ದಲಿಂಗಕ್ಕನಿಗೆ ತಮ್ಮ ಶಂಭುಲಿಂಗಪ್ಪನ ಶರಣು.

ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ನಿಂತಿತೇ? ಇಲ್ಲಿ ಎಲ್ಲರೂ ಆರೋಗ್ಯ. ನನಗೆ ಮಾತ್ರ ಹತ್ತು ದಿನದಿಂದ ಅನ್ನ ಸೇರುತ್ತಿಲ್ಲ. ನೀನು ಬೈಯುತ್ತೀಯೆಂದು ಗೊತ್ತು, ಆದರೂ ಹೇಳಿಬಿಡುತ್ತೇನೆ: ಈ ಪೊಲೀಸ್ ದಫೇದಾರಿಕೆ ಬಿಸಾಕಿ ದೇವನೂರಿನ ಹೊಲಕ್ಕೆ ಹೋಗಿಬಿಡೋಣ ಅನ್ನಿಸಿದೆ.

ಹೆಮ್ಮಿಗೆಯಲ್ಲಿ ಮಂಚಮ್ಮ ಅಂತ ಒಬ್ಬ ಕೂಲಿ ಹೆಂಗಸು, ಗಂಡನಿಲ್ಲದವಳು. ಅವಳ ಹದಿಮೂರು ವರ್ಷದ ಮಗಳು ಸಣ್ಣತಾಯಿಯನ್ನು ಬೆಟ್ಟಸ್ವಾಮಿ ಎಂಬ ಕೂಲಿಯಾಳು ಕೂಡಿಸುವ ಮೇಸ್ತ್ರಿ, ನಂಜನಗೂಡಿನ ಛತ್ರದಲ್ಲಿ ಕಸ ಗುಡಿಸುವ ಕೆಲಸ ಕೊಡಿಸುತ್ತೇನೆಂದು ಕರೆದೊಯ್ದ. ಎರಡು ದಿನ ಅಲ್ಲಿನ ಛತ್ರಗಳನ್ನೆಲ್ಲ ಸುತ್ತಿದೆ. ಕೊನೆಗೆ ಹರಿಗೋಲಿನವನು ಬಾಯಿಬಿಟ್ಟ: ಹುಡುಗಿಯನ್ನು ದಾಟಿಸಿದ್ದು ನಿಮ್ಮ ಕಡೆಗೆ. ಹೋಗಿ ನೋಡಿದೆ, ಅಕ್ಕಾ. (ನಿನ್ನ ಮನೆಗೆ ಬರಲಿಲ್ಲ, ಬೇಜಾರು ಮಾಡಿಕೋಬೇಡ.) ಸಂತೆಬೀದಿಯ ಹಿಂದಿನ ಹೆಂಚಿನ ಮನೆ. ಹೊರಗೆ ಬೀಗ, ಕಿಟಕಿಯಲ್ಲಿ ಸಣ್ಣತಾಯಿಯೂ ಸೇರಿ ನಾಲ್ಕು ಹುಡುಗಿಯರು. ಸೋಮವಾರ ಗಾಡಿ ಹೂಡಿ ಘಟ್ಟ ಇಳಿಸುತ್ತಾರಂತೆ. ಆಮೇಲೆ ಟೀ ತೋಟಕ್ಕೋ ಹಡಗಿಗೋ ಯಾರಿಗೂ ಗೊತ್ತಿಲ್ಲ. ಅಲ್ಲಿನ ಠಾಣೆಯ ಸಾಹೇಬರು ಒಳ್ಳೆಯವರೇ. ಆದರೂ "ದಫೇದಾರರೇ, ಇದು ಮದರಾಸು ಸೀಮೆ. ನಿಮ್ಮ ಮೈಸೂರಿನ ವಾರಂಟು ಇಲ್ಲಿ ನಡೆಯೋದಿಲ್ಲ" ಅಂದುಬಿಟ್ಟರು.

ಇನ್ನು ನಮ್ಮ ಠಾಣೆಯ ಕಾಗದ ಅಪ್ಪಣೆಗಾಗಿ ಮೈಸೂರಿಗೆ, ಬೆಂಗಳೂರಿಗೆ, ಮದರಾಸಿಗೆ, ಕೊಯಮತ್ತೂರಿಗೆ ಹೋಗಿ ನಿಮ್ಮೂರಿಗೆ ಬರಬೇಕು. ಅರ್ಧ ದಿನದ ದಾರಿಗೆ ಒಂದು ತಿಂಗಳು! ಮಂಚಮ್ಮ ದಿನಾ ಠಾಣೆಯ ಮೆಟ್ಟಿಲಲ್ಲಿ ಕೂತು ಕೇಳುತ್ತಾಳೆ, "ವೊಳೆ ಆಚೆಗೋದ್ರೆ ನನ್ ಮಗ್ಳು ನನ್ ಮಗ್ಳಲ್ವಾ ಬುದ್ಧಿ?" ನಿನ್ನೆ ಬೆಟ್ಟಸ್ವಾಮಿ ಆಚೆ ದಡದಲ್ಲಿ ನಿಂತು, ನಗುತ್ತಾ ನನಗೆ ಕೈಮುಗಿದ. ನಾನು ಈಚೆ ದಡದಲ್ಲಿ ಲಾಠಿ ಹಿಡಿದು ನಿಂತಿದ್ದೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮಾವನ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಮ್ಮ,
ಶಂಭುಲಿಂಗ

ಅಕ್ಕಾ, ಇದನ್ನು ಮೊದಲೇ ಬರೆಯಬೇಕಿತ್ತು. ಈ ಕಾಗದ ತಂದಿರುವವಳೇ ಮಂಚಮ್ಮ. ಈಗಷ್ಟೇ ಕೇಳಿದಳು: "ನಿಮ್ ಕಾಗ್ದ ಅಲ್ಲಿ ನಡೆಯಾಕಿಲ್ಲ, ಸರಿ. ನಾನೇ ಓಗಿ ಯೋಳುದ್ರೆ?" ತಾಯಿಯೇ ಅಲ್ಲಿನ ಠಾಣೆಯಲ್ಲಿ ದೂರು ಕೊಟ್ಟರೆ ಆ ಬೀಗ ಒಡೆಯಲು ಅವರಿಗೆ ಮದರಾಸಿನ ಅಪ್ಪಣೆ ಬೇಡ. ಇಷ್ಟು ವರ್ಷ ಕೆಲಸ ಮಾಡಿದ ನನಗೆ ಇದು ತೋಚಲಿಲ್ಲ. ಒಬ್ಬಳೇ ಹೋದರೆ ಬಾಗಿಲಲ್ಲೇ ಓಡಿಸುತ್ತಾರೆ. ಭಾವನವರು ಜೊತೆಗೆ ಹೋಗಲಿ, ಇವತ್ತೇ. ನಿನ್ನೆಯಿಂದ ಅವಳು ಏನೂ ತಿಂದಿಲ್ಲ. ಜಾತಿ ಕೇಳಬೇಡ, ಒಳಗೆ ಕರೆ.