ನಕ್ಕವಳಿಗೆ ತೆರೆಯದ ಬಾಗಿಲು

ಹುಬ್ಬಳ್ಳಿ, ಫೆಬ್ರವರಿ ೩೦, ೨೨೨೧

ಇನ್ನೂರು ವರ್ಷಗಳ ಹಿಂದೆ ಆಸರೆ ಮನೆಗಳನ್ನು ನಡೆಸುತ್ತಿರುವ ಹಿರಿಯರಿಗೆ,

ತಾರೀಖು ತಪ್ಪಿಲ್ಲ. ಬಡಪಾಯಿ ಫೆಬ್ರವರಿಗೆ ಜನವರಿಯಿಂದೊಂದು, ಮಾರ್ಚ್‌ನಿಂದೊಂದು ದಿನ ಕೊಡಿಸಿ ನಮ್ಮ ಹಿಂದಿನವರು ಪುಣ್ಯ ಕಟ್ಟಿಕೊಂಡರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಹಾಗೆಯೇ. ನಿಮ್ಮ ಕಾಲದ ಬ್ಯಾನರುಗಳಲ್ಲಿ ‘ಫಲಾನುಭವಿಗಳು’ ಎಂದು ಓದಿ, ನೀವು ಬಡವರಿಗೆ ಬರೀ ಹಣ್ಣು ಹಂಚುತ್ತಿದ್ದಿರೆಂದು ಬಹಳ ಕಾಲ ನಂಬಿದ್ದೆ.

ನಾನು ಗುರುಬಸವ್ವ ಮುಳಗುಂದ, ಇಲ್ಲಿಯ ಆಸರೆ ಮನೆಯ ಬಾಗಿಲಗಿತ್ತಿ. ನಿಮ್ಮಲ್ಲಿ ಇಂಥವಳನ್ನು ನಿರ್ದೇಶಕಿ ಎನ್ನುತ್ತಿದ್ದರಂತೆ. ನಮಗೆ ಕುರ್ಚಿಯಿಲ್ಲ, ಹೊಸ್ತಿಲ ಪಕ್ಕದ ಕಟ್ಟೆಯೇ ಕಚೇರಿ. ಬೆಳಿಗ್ಗೆ ಮಾಳಿಗೆಯ ಮೇಲಿನ ಜೋಳದ ಹೊಲಕ್ಕೆ ನೀರು ಬಿಡುತ್ತೇವೆ. ಮಧ್ಯಾಹ್ನ ರೊಟ್ಟಿ ಯಂತ್ರ ಕೆಟ್ಟಿರುತ್ತದೆ, ಕೈಯಲ್ಲೇ ಬಡಿಯುತ್ತೇವೆ. ಏಟು ತಿಂದ ಹೆಂಗಸರು, ನೆರೆಗೆ ಮನೆ ಕಳೆದುಕೊಂಡವರು, ಮಾತು ಮರೆತ ಮುದುಕರು, ಯಾರೇ ಬರಲಿ, ಮೊದಲು ಕೇಳುವುದು ಊಟ ಆಯಿತೇ ಎಂದು. ಹೆಸರು, ಊರು, ಕಾರಣ ಎಲ್ಲ ಕೈ ತೊಳೆದ ಮೇಲೆ.

ಈಚೆಗೆ ಊರಕೂಟದವರು, ಅಂದರೆ ನಿಮ್ಮ ನಗರಸಭೆಯಂಥವರು, ಬಾಗಿಲಿಗೆ ‘ನೋವುಗಣ್ಣು’ ಕೂರಿಸಿದ್ದಾರೆ. ಬಂದವರ ಮುಖ ನೋಡಿ, ಕಷ್ಟವನ್ನು ತೂಗಿ, ತಾನೇ ಬಾಗಿಲು ತೆರೆಯುವ ಯಂತ್ರ. ಅದು ಒಲ್ಲೆನೆಂದವರನ್ನು ಒಳಗೆ ಕರೆತರಲು ನನಗೂ ಹಕ್ಕಿಲ್ಲ. ಮಂಚ ಕಡಿಮೆ, ಬರುವವರು ಹೆಚ್ಚು. ಊರಕೂಟದವರ ಚಿಂತೆಯೂ ಸುಳ್ಳಲ್ಲ ಬಿಡಿ.

ಮೊನ್ನೆ ತುಳಜವ್ವ ಬಂದಳು. ದಿನ ತುಂಬಿದ ಬಸುರಿ. ಗಂಡ ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿ, ಹೂ ಮುಡಿದು ಬಂದಿದ್ದಳು. ನೋವುಗಣ್ಣಿನ ಮುಂದೆ ನಿಂತು ನಕ್ಕಳು. ಬಾಗಿಲು ತೆರೆಯಲಿಲ್ಲ. ನಾನೇ ಹೊರಗೆ ಹೋಗಿ ಕಟ್ಟೆಯ ಮೇಲೆ ಊಟ ಬಡಿಸಿದೆ. “ಯವ್ವಾ, ಕೈ ಮುರದೈತಿ, ಹಲ್ಲು ಮುರದಿಲ್ಲಲ್ಲ. ನಗೂದು ಯಾಕ ಬಿಡ್ಲಿ?” ಎಂದಳು. ಎಂಥ ಗಟ್ಟಿಗಿತ್ತಿ! ಅಲ್ಲೇ ನನಗೆ ಹಿಡಿಸಿಬಿಟ್ಟಳು.

ಊರಕೂಟಕ್ಕೆ ಹೋಗಿ ಜಗಳವಾಡಿದೆ. ಅಲ್ಲಿಯ ಹಿರಿಯ ಸಂಗನಬಸಪ್ಪನವರು ನಯವಾಗಿಯೇ ಹೇಳಿದರು: “ಅಕ್ಕಾರ, ಮನಷ್ಯಾರಿಗೆ ತಮ್ಮವರು, ಹೊರಗಿನ ಮಂದಿ ಅಂತ ಇರ್ತೈತ್ರಿ. ಕಣ್ಣಿಗೆ ಅದಿಲ್ಲ.” ಹಾಗಾದರೆ ಕಷ್ಟದ ಮುಖ ಹೇಗಿರುತ್ತದೆಂದು ಅದಕ್ಕೆ ಕಲಿಸಿದವರು ಯಾರು ಎಂದು ಕೇಳಿದೆ. ತೋರಿಸಿದರು. ನೀವೇ, ಹಿರಿಯರೇ! ನಿಮ್ಮ ಕಾಲದ ಕಂಬಳಿ ಹಂಚುವ ಫೋಟೋಗಳು, ಲಕ್ಷಗಟ್ಟಲೆ. ನಡುವೆ ಶಾಲು ಹೊದ್ದ ದಾನಿ, ಕಂಬಳಿಯ ಇನ್ನೊಂದು ತುದಿ ಹಿಡಿದು ತಲೆ ತಗ್ಗಿಸಿ ನಿಂತವರು. ಒಬ್ಬರೂ ನಕ್ಕಿಲ್ಲ. ಕ್ಯಾಮೆರಾ ಹಿಡಿದವರು “ಸ್ವಲ್ಪ ತಲಿ ತಗ್ಗಸ್ರಿ” ಅಂದಿರಬೇಕು. ಕಷ್ಟದಲ್ಲಿರುವವರು ಹೀಗೇ ಇರುತ್ತಾರೆಂದು ಕಣ್ಣು ಕಲಿತುಕೊಂಡಿತು. ನನಗೆ ನಿಮ್ಮ ಮೇಲೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ.

ಹಿಂತಿರುಗುವಷ್ಟರಲ್ಲಿ ತುಳಜವ್ವನಿಗೆ ಬೇನೆ ಶುರುವಾಗಿತ್ತು. ಹೆರಿಗೆ ಕೋಣೆ ಒಳಗೆ, ಅವಳು ಹೊರಗೆ. ಆಗಲೂ ಹಲ್ಲು ಕಚ್ಚಿ ನಗುತ್ತಲೇ ಇದ್ದಳು. ಆಮೇಲೆ ಏನನ್ನಿಸಿತೋ, ಯಾರೂ ಹೇಳಿಕೊಡಲಿಲ್ಲ, ಹೂ ಕಿತ್ತಿಟ್ಟಳು, ಕೂದಲು ಕೆದರಿಕೊಂಡಳು, ನೆಟ್ಟಗಿದ್ದ ಒಂದು ಕೈಯನ್ನು ಎದೆಗೊತ್ತಿ ಕಣ್ಣಿನ ಮುಂದೆ ತಲೆ ತಗ್ಗಿಸಿದಳು. ಬಾಗಿಲು ತೆರೆಯಿತು.

ಹೆಣ್ಣು ಕೂಸು. ಇಬ್ಬರೂ ಸುಖವಾಗಿದ್ದಾರೆ. ಆದರೆ ಒಳಗೆ ಬಂದಾಗಿನಿಂದ ತುಳಜವ್ವ ನಕ್ಕಿಲ್ಲ. ಕೂಸನ್ನು ಮಡಿಲಿಗೆ ಹಾಕಿದರೆ ಮೊದಲು ಬಾಗಿಲ ಕಡೆ ನೋಡುತ್ತಾಳೆ. ನಕ್ಕರೆ ಹೊರಗೆ ಹಾಕುತ್ತಾರೆಂಬ ಭಯ.

ನಾಳೆ ಆ ಕಣ್ಣನ್ನು ಕಿತ್ತು ಹಾಕಿಸುತ್ತೇನೆ. ಬಾಗಿಲಗಿತ್ತಿಯ ಪದವಿ ಹೋದರೆ ಹೋಗಲಿ. ಆದರೆ ಇಂಥ ಕಣ್ಣುಗಳು ಎಷ್ಟೋ ಊರುಗಳಲ್ಲಿವೆ, ಅವು ನೋಡಿ ಕಲಿಯುವ ಫೋಟೋಗಳನ್ನು ನೀವಿನ್ನೂ ತೆಗೆಯುತ್ತಿದ್ದೀರಿ. ಆದ್ದರಿಂದ ತಲೆ ತಗ್ಗಿಸದೆಯೇ ಒಂದು ಮಾತು ಕೇಳುತ್ತೇನೆ. ನಿಮ್ಮ ಬಾಗಿಲಿಗೆ ಬಂದವಳು ಕ್ಯಾಮೆರಾ ಮುಂದೆ ನಕ್ಕರೆ ತಡೆಯಬೇಡಿ. ನಗುವಾಗಲೇ ತೆಗೆದುಬಿಡಿ.

ನಿಮ್ಮ,
ಗುರುಬಸವ್ವ