ಟೇಕ್ ಬಹಾದ್ದೂರನಿಗೆ ಒಂದು ವೋಟು ಕೊಡಿ

ಮಾನ್ಯ ನಗರಾಡಳಿತ ಮಂತ್ರಿಗಳೇ,

ನೆರೂಳದ ನಮ್ಮ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಾಳುತ್ತಿರುವ ಒಬ್ಬನಿಗೆ ಇಲ್ಲಿನ ಕಾರ್ಪೊರೇಟರನ್ನು ಆರಿಸುವ ಹಕ್ಕಿಲ್ಲ. ಇದೇ ನನ್ನ ದೂರು. ಮರಾಠಿಯಲ್ಲಿ ಬರೆದ ಎರಡು ಪತ್ರಗಳಿಗೆ ನಿಮ್ಮ ಕಚೇರಿ ಉತ್ತರಿಸಲಿಲ್ಲ. ಹಾಗಾಗಿ ಈಗ ಕನ್ನಡದಲ್ಲಿ, ನಮ್ಮವರು ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅವನು ಟೇಕ್ ಬಹಾದ್ದೂರ್, ನಮ್ಮ ಸೊಸೈಟಿಯ ವಾಚ್‌ಮನ್, ನೇಪಾಳದ ಪ್ರಜೆ. ಮೊದಲು ಎಂಟು ವರ್ಷ ಉಡುಪಿಯವರ ಹೋಟೆಲಿನಲ್ಲಿದ್ದುದರಿಂದ ನಮ್ಮ ಕನ್ನಡವನ್ನೇ ಆಡುತ್ತಾನೆ. ಹೋದ ಮಳೆಗಾಲದಲ್ಲಿ ಗೇಟಿನೆದುರಿನ ಗಟಾರದ ಮುಚ್ಚಳ ಒಡೆಯಿತು. ಅವನು ಮೂರು ಸಲ ವಾರ್ಡ್ ಕಚೇರಿಗೆ ಹೋದ. ಮೂರು ಸಲವೂ ಗುಮಾಸ್ತರು ಕೇಳಿದ್ದು ಒಂದೇ: "ವೋಟರ್ ಕಾರ್ಡ್ ಹೈ ಕ್ಯಾ?" ಪೌರತ್ವ ವಿಚಾರಿಸಿಕೊಂಡೇ ಜನರನ್ನು ಒಳಗೆಳೆಯುವ ಗಟಾರವನ್ನು ತಾವು ಕಟ್ಟಿಸಿದ್ದರೆ ಆ ಪ್ರಶ್ನೆಗೆ ಅರ್ಥವಿರುತ್ತಿತ್ತು.

ಕೊನೆಗೆ ನನ್ನ ಬಾಗಿಲಿಗೆ ಬಂದ. "ಸಾರ್, ಅರ್ಜಿಗೆ ನಿಮ್ಮ ಹೆಸರು ಹಾಕ್ತೀರಾ? ನನ್ನ ಮಾತು ಅಲ್ಲಿ ಯಾರೂ ಕೇಳುದಿಲ್ಲ."

"ನಾಳೆ ನೋಡುವ ಮಾರಾಯ," ಎಂದು ಮತ್ತೆ ಪೇಪರ್ ಬಿಡಿಸಿದೆ. ಆ ನಾಳೆ ಒಂಬತ್ತು ದಿನ ಬರಲಿಲ್ಲ.

ಹತ್ತನೆಯ ದಿನ ನೀರು ರಸ್ತೆಗೇರಿತ್ತು. ಎದುರು ಮನೆಯ ಆರು ವರ್ಷದ ಅಶ್ಮಿತಾ ಶಾಲೆಯ ವ್ಯಾನಿನಿಂದಿಳಿದು ಎರಡು ಹೆಜ್ಜೆ ಇಟ್ಟಳು. ಮರುಕ್ಷಣ ನೀರಿನ ಮೇಲೆ ಅವಳ ಕೊಡೆ ಮಾತ್ರ ಇತ್ತು. ಟೇಕ್ ಬಹಾದ್ದೂರ್ ಧುಮುಕಿದ. ಮಗುವನ್ನು ಮೇಲೆತ್ತಿ ಕೊಟ್ಟ. ಅವನನ್ನು ಎತ್ತಲು ನಾವು ನಾಲ್ವರು ಬೇಕಾದೆವು. ಬಲಗಾಲು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಜಯಲತಾ ಹೇಳಿದ್ದು ಇಷ್ಟೇ: "ನಿಮ್ಮತ್ರ ಕಾರ್ಡ್ ಇತ್ತಲ್ಲ?"

ಅಂದೇ ಅರ್ಜಿ ಕೊಟ್ಟೆ. ಮೂರನೇ ದಿನ ಹೊಸ ಮುಚ್ಚಳ ಬಂತು.

ಹೋದ ತಿಂಗಳು, ಏಪ್ರಿಲ್‌ನಲ್ಲಿ, ಪಾಲಿಕೆ ಚುನಾವಣೆ ನಡೆಯಿತು. ಮೂರನೇ ಮಾಳಿಗೆಯ ಕಮಲಾಕ್ಷ ರಾಯರು ಎಂಬತ್ತು ದಾಟಿದವರು. ಅವರ ಗಾಲಿಕುರ್ಚಿಯನ್ನು ಟೇಕ್ ಬಹಾದ್ದೂರನೇ ಕುಂಟುತ್ತ ಮತಗಟ್ಟೆಗೆ ತಳ್ಳಿಕೊಂಡು ಹೋದ. ಬಾಗಿಲಲ್ಲಿ ಪೊಲೀಸರು ಅವನನ್ನು ತಡೆದರು. ಯಾರಿಗೆ ಹಾಕಿದೆನೆಂದು ರಾಯರಿಗೆ ಹೊರಬರುವಷ್ಟರಲ್ಲಿ ಮರೆತಿತ್ತು. ಯಾರಿಗೆ ಹಾಕಬಾರದೆಂದು ಹೊರಗೆ ನಿಂತವನಿಗೆ ಚೆನ್ನಾಗಿ ಗೊತ್ತಿತ್ತು.

ದೇಶದ ಸರ್ಕಾರವನ್ನು ಪ್ರಜೆಗಳೇ ಆರಿಸಲಿ, ನನ್ನ ತಕರಾರಿಲ್ಲ. ಆದರೆ ನಲ್ಲಿ, ಬೀದಿದೀಪ, ಗಟಾರಗಳ ವಿಷಯದಲ್ಲಿ ಅಲ್ಲೇ ವಾಸಿಸುವವನ ಮಾತು ಏಕೆ ಬೇಡ? ಹೊರಗಿನವರು ವಾರ್ಡನ್ನು ಹಾಳುಗೆಡವಿಯಾರೆಂಬ ಭಯವೇ? ಗಟಾರಕ್ಕೆ ಧುಮುಕಿದವನು ಹೊರಗಿನವನು, ಸ್ವಾಮಿ. ಒಳಗಿನವನು ಪೇಪರ್ ಓದುತ್ತಿದ್ದ.

ಹತ್ತು ವರ್ಷ ಒಂದೇ ಊರಿನಲ್ಲಿ ನೆಲೆಸಿದವರಿಗೆ, ಅವರು ಯಾವ ದೇಶದವರೇ ಆಗಿರಲಿ, ಆ ಊರಿನ ಪಾಲಿಕೆಗೆ ಮತ ಹಾಕುವ ಹಕ್ಕನ್ನು ಕಾನೂನಿನಲ್ಲಿ ಬರೆಯಿರಿ. ಅದಕ್ಕೆ ಕಾಲ ಬೇಕೆಂದರೆ, ದೂರು ಹೇಳಲು ಬಂದವನ ಗುರುತು ಕೇಳುವ ಮೊದಲು ದೂರು ಬರೆದುಕೊಳ್ಳಿರೆಂದು ನಿಮ್ಮ ಗುಮಾಸ್ತರಿಗೆ ಆಜ್ಞೆ ಮಾಡಿ. ಮಳೆಗೆ ಇನ್ನು ಮೂರೇ ವಾರ.

ಇಂತಿ,
ನಿಮ್ಮ ಮತದಾರರ ಪಟ್ಟಿಯಲ್ಲಿ ಹೆಸರಿರುವ, ಅದನ್ನು ಹೇಳಿಕೊಳ್ಳಲು ನಾಚುವ
ಜಯಶೀಲ
ನೆರೂಳ, ಮೇ ೨೦೧೦