ತೊಂಬತ್ನಾಲ್ಕು ಅಂಕದ ಆರೈಕೆ

ಯಂಕಂಚಿ
9 ಸೆಪ್ಟೆಂಬರ್ 2024

ಸರ್ವೆ ಮೇಲ್ವಿಚಾರಕಿ ಶ್ರೀಮತಿ ವಿಜಯಲಕ್ಷ್ಮಿಯವರಿಗೆ, ಅಂದರೆ ಸಿಂದಗಿ ಕಾಲೇಜಿನಲ್ಲಿ ಮೂರು ವರ್ಷ ನನ್ನ ಡಬ್ಬಿಯ ರೊಟ್ಟಿ ತಿಂದ ವಿಜಿಗೆ,

ನಾವು ಕ್ಷೇಮ ಎಂದು ಬರೆಯುವುದಿಲ್ಲ. ಅದನ್ನು ನೀನೇ ಬರೆದುಕೊಂಡು ಹೋಗಿದ್ದೀಯ, ಅದೂ ನೂರಕ್ಕೆ ತೊಂಬತ್ನಾಲ್ಕು ಅಂಕ ಹಾಕಿ. ಫೋನ್ ಮಾಡಿದಾಗಲೆಲ್ಲ ಮೀಟಿಂಗ್‌ನಲ್ಲಿದ್ದೇನೆ ಎನ್ನುತ್ತೀಯ. ಅದಕ್ಕೇ ಈ ಕಾಗದ. ಮೀಟಿಂಗ್ ಮುಗಿದ ಮೇಲೆ ಓದು.

ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬಂದೆಯಲ್ಲ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು! ಊರ ಮಕ್ಕಳಿಗೆ ಆರೋಗ್ಯ ಕೇಂದ್ರದಿಂದ ಎಂಥ ಆರೈಕೆ ಸಿಗುತ್ತಿದೆ ಎಂದು ಅಳೆಯಲು ಬಂದಿದ್ದೇನೆ ಎಂದೆ. ಕುಟುಂಬ ಕೇಂದ್ರಿತ ಸಮನ್ವಯ ಆರೈಕೆ ಎಂದು ಉದ್ದನೆಯ ಹೆಸರನ್ನೂ ಹೇಳಿದೆ. ಹೇಳಿ, ಕುಟುಂಬವನ್ನು ಅಡುಗೆಮನೆಯಲ್ಲೇ ಬಿಟ್ಟು, ಕಟ್ಟೆಯ ಮೇಲೆ ನಮ್ಮ ಮಾವನವರ ಮುಂದೆ ಹೋಗಿ ಕೂತೆ. ಫಾರ್ಮಿನಲ್ಲಿ 'ಮನೆಯ ಯಜಮಾನರನ್ನು ಕೇಳಿ' ಎಂದಿತ್ತಂತೆ. ಯಾವ ಜಾಣ ತಯಾರು ಮಾಡಿದ ಫಾರ್ಮೋ ಅದು!

ಮಾವ ಗುರಲಿಂಗಪ್ಪನವರು ಒಳ್ಳೆಯವರೇ. ಆದರೆ ನನ್ನ ಮಗಳು ಐಶ್ವರ್ಯಳಿಗೆ ಐದು ವರ್ಷವೋ ಏಳೋ ಅವರಿಗೆ ಗೊತ್ತಿಲ್ಲ. ಅವಳಿಗೆ ಫಿಟ್ಸ್ ಬಂದರೆ ನೋಡಲಾಗದೆ ಎದ್ದು ಹೊರಗೆ ಹೋಗುತ್ತಾರೆ. ಅಂಥವರನ್ನು ನೀನು ಕೇಳಿದೆ, ಮಗುವಿನ ಡಾಕ್ಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆಯೇ, ತಾಯಿಯ ಮಾತಿಗೆ ಕಿವಿಗೊಡುತ್ತಾರೆಯೇ, ಒಂದು ಕಡೆ ಕೊಟ್ಟ ಔಷಧ ಇನ್ನೊಂದು ಕಡೆಯವರಿಗೆ ತಿಳಿದಿರುತ್ತದೆಯೇ ಎಂದು. ಮಾವ ಎಲ್ಲದಕ್ಕೂ 'ಯಾವಾಗಲೂ' ಎಂದರು. ನೀನು ಹೋದ ಮೇಲೆ ಹಾಗೇಕೆ ಹೇಳಿದಿರಿ ಎಂದು ಕೇಳಿದೆ.

"ಮನಿಗೆ ಬಂದ ಹೆಣ್ಮಗಳ ಮುಂದ ಇಲ್ಲ ಇಲ್ಲ ಅಂತ ಹೆಂಗ ಅನ್ನೂದವಾ? ಅದೂ ನಿನ್ನ ಗೆಳತಿ ಬ್ಯಾರೆ," ಎಂದರು.

ಓಣಿಯ ಉಳಿದ ಮನೆಗಳಲ್ಲೂ ಇದೇ ಕಥೆ. ಊಟ ಆಯಿತೇ ಎಂದು ಕೇಳಿದರೆ ಉಪವಾಸ ಇದ್ದವರೂ ಆಯಿತು ಎನ್ನುವ ಮಂದಿ ನಾವು. ನೀನು ತಾಂಬಾದಲ್ಲಿ ಹುಟ್ಟಿ ಬೆಳೆದವಳು, ಇದು ನಿನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಬೆರಳು ಒತ್ತುತ್ತ ಹೋದೆ. ಮನೆಗೆ ಕಾಲುಗಂಟೆಯಂತೆ ಅಳತೆ ಮುಗಿಸಿದೆ. ನಾನು ಮಾಡಿಕೊಟ್ಟ ಚುರುಮುರಿ ಸೂಸಲ ತಿಂದು, ಖಾರ ಕಡಿಮೆ ಎಂದು ಅದಕ್ಕೂ ಅಂಕ ಹಾಕಿ ಕಾರು ಹತ್ತಿದೆ.

ನೀನು ಕೇಳದ್ದನ್ನು ಈಗ ನಾನೇ ಹೇಳುತ್ತೇನೆ. ಹೋದ ಚಳಿಗಾಲದಲ್ಲಿ ಸಿಂದಗಿಯ ಡಾಕ್ಟರು ಫಿಟ್ಸಿಗೆ ಒಂದು ಬಾಟಲಿ ಔಷಧ ಕೊಟ್ಟರು. ತಿಂಗಳಾದರೂ ನಿಲ್ಲಲಿಲ್ಲ. ವಿಜಯಪುರದ ದೊಡ್ಡ ಡಾಕ್ಟರ ಬಳಿ ಹೋದೆವು, ಅವರು ಬೇರೆ ಹೆಸರಿನ ಇನ್ನೊಂದು ಬಾಟಲಿ ಬರೆದರು. ಹಳೆಯದನ್ನು ನಿಲ್ಲಿಸು ಎಂದು ಯಾರೂ ಹೇಳಲಿಲ್ಲ. ಮಗುವಿನ ಹೊಟ್ಟೆಗೆ ಮೊದಲೇ ಏನು ಹೋಗುತ್ತಿದೆ ಎಂದು ತಿಳಿದುಕೊಳ್ಳುವುದು ಅಷ್ಟು ದೊಡ್ಡ ಡಾಕ್ಟರ ಕೆಲಸವಲ್ಲವೇ? ಹನ್ನೊಂದು ದಿನ ಎರಡನ್ನೂ ಹೊತ್ತು ತಪ್ಪದೆ ಕುಡಿಸಿದೆ. ಮಗಳು ಓಲಾಡತೊಡಗಿದಳು, ಉಂಡದ್ದನ್ನೆಲ್ಲ ಕಾರಿದಳು. ಹನ್ನೆರಡನೆಯ ದಿನ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಮುಗಿಯಿತು, ನನ್ನ ಕೈಯಾರೆ ಕೊಂದೆ ಎಂದುಕೊಂಡೆ ವಿಜಿ.

ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದೆ. ಅಲ್ಲಿದ್ದ ನರ್ಸ್ ಅಬಿದಾ ಸಿಸ್ಟರ್ ಮಗುವನ್ನು ಮಗ್ಗುಲಾಗಿ ಮಲಗಿಸಿ, ಆಂಬುಲೆನ್ಸಿಗೆ ಹೇಳಿ, ನನ್ನ ಚೀಲದಿಂದ ಎರಡೂ ಬಾಟಲಿ ತೆಗೆದು ಅವುಗಳ ಮೇಲಿನ ಸಣ್ಣ ಅಕ್ಷರ ಓದಿದರು.

"ಅಕ್ಕಾರ, ಹೆಸರಷ್ಟ ಬ್ಯಾರೆ ಅದಾವ್ರಿ. ಒಳಗಿನ ಔಷಧ ಒಂದ ಐತಿ," ಎಂದರು.

ತಮ್ಮ ಫೋನಿನಿಂದಲೇ ಇಬ್ಬರು ಡಾಕ್ಟರರೊಂದಿಗೂ ಮಾತಾಡಿದರು. ಮಗಳು ಮೂರು ದಿನ ಆಸ್ಪತ್ರೆಯಲ್ಲಿದ್ದು ಉಳಿದು ಬಂದಳು. ಅಂದಿನಿಂದ ಸಿಸ್ಟರ್ ಒಂದು ನೋಟುಬುಕ್ಕಿನಲ್ಲಿ ಅವಳ ಔಷಧ, ಕೊಟ್ಟವರು ಯಾರು, ಫಿಟ್ಸ್ ಬಂದದ್ದು ಯಾವತ್ತು ಎಲ್ಲವನ್ನೂ ಬರೆದಿಡುತ್ತಾರೆ. ಪ್ರತಿ ಗುರುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಾರೆ. ನಿನ್ನ ಉದ್ದನೆಯ ಹೆಸರಿನ ಆರೈಕೆ ಎಂದರೆ ಇಷ್ಟೇ. ನಿನ್ನ ಫಾರ್ಮಿನಲ್ಲಿ ಇದನ್ನು ಬರೆಯಲು ಒಂದು ಗೆರೆ ಜಾಗವೂ ಇಲ್ಲ.

ಈಗ ನಿನ್ನ ಅಂಕಗಳ ಪ್ರತಾಪ ಕೇಳು. ಇಲ್ಲಿ ಎಲ್ಲ ಸುಸೂತ್ರವಾಗಿದೆ, ಅಂಕ ಕಡಿಮೆ ಬಂದ ಕಡೆ ನುರಿತವರು ಬೇಕು ಎಂದು ಇಲಾಖೆಯವರು ಅಬಿದಾ ಸಿಸ್ಟರನ್ನು ನಿಡಗುಂದಿ ಕಡೆಗೆ ವರ್ಗ ಮಾಡಿದ್ದಾರೆ. ಬರುವ ಒಂದನೇ ತಾರೀಖಿಗೆ ಹೊರಡುತ್ತಾರೆ. ಅವರ ಬದಲಿಗೆ ಯಾರೂ ಬರುವುದಿಲ್ಲ. ಊರಿಗೇ ತೊಂಬತ್ನಾಲ್ಕು ಬಂದ ಮೇಲೆ ಇನ್ನೇನು ಬೇಕು ಎಂದರಂತೆ. ನಿನ್ನ ಸಂಸ್ಥೆಯವರು ನಿನಗೆ ಶಾಲು ಹೊದಿಸಿದರೇ? ಹೊದಿಸಿದ್ದರೆ ಮಡಚಿ ಒಳಗಿಡು, ನನ್ನ ಕಣ್ಣಿಗೆ ಬೀಳುವುದು ಬೇಡ.

ಒಂದನೇ ತಾರೀಖಿನೊಳಗೆ ಮತ್ತೆ ಬಾ. ನಮ್ಮ ಮನೆಯ ಫಾರ್ಮು ರದ್ದು ಮಾಡಿ ನನ್ನನ್ನು ಕೇಳು, ಆಮೇಲೆ ಓಣಿಯ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕೇಳು. 'ಎಂದೂ ಇಲ್ಲ' ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಇಷ್ಟು ಬೈದ ಮೇಲೂ ನಿನ್ನ ಗೆಳತಿಯೇ ಆಗಿರುವ,
ಸುವರ್ಣಾ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಮಾತು ಬಿಟ್ಟಿದ್ದೇನೆ. ಮನೆಯಲ್ಲಿ ಯಾರಿಗೂ ತೋರಿಸಬೇಡ. ಮೊದಲು ಎಲ್ಲಾದರೂ ತೋರಿಸಿದ್ದೀರಾ, ಏನಾದರೂ ಔಷಧ ನಡೆದಿದೆಯೇ ಎಂದು ವಿಜಯಪುರದ ಡಾಕ್ಟರು ಕೇಳಿದ್ದರು. ಇಲ್ಲ ಎಂದೆ. ಸಿಂದಗಿಯ ಚೀಟಿಯನ್ನು ಕುಪ್ಪಸದೊಳಗೆ ಮಡಚಿಟ್ಟಿದ್ದೆ. ಬೇರೆಯವರ ಹತ್ತಿರ ಹೋಗಿದ್ದೆವು ಎಂದರೆ ಸಿಟ್ಟಾಗುತ್ತಾರೆ, ಹಾಗಾದರೆ ಅಲ್ಲಿಗೇ ಹೋಗು ಎನ್ನುತ್ತಾರೆ ಎಂದು ಇಲ್ಲಿನ ಹೆಂಗಸರೆಲ್ಲ ಹೀಗೇ ಮಾಡುತ್ತೇವೆ. ಆಮೇಲೆ ಊರ ತುಂಬ ಆ ಡಾಕ್ಟರನ್ನೇ ಬೈದುಕೊಂಡು ತಿರುಗಿದೆ. ನಾನಾಗಿ ನಿಜ ಹೇಳಿದ್ದು ಅಬಿದಾ ಸಿಸ್ಟರಿಗೆ ಮಾತ್ರ, ಯಾಕೆಂದರೆ ಅವರು ಬೈಯಲಿಲ್ಲ. ಅವರು ಹೋದರೆ ಮುಂದಿನ ಡಾಕ್ಟರಿಗೂ ನಾನು ಸುಳ್ಳೇ ಹೇಳುತ್ತೇನೆ ವಿಜಿ. ನನ್ನನ್ನು ನಾನು ಬಲ್ಲೆ.